ಗೋವಿನಜೋಳದ ದುಡ್ಡು ಕರಗಿದ ಮೇಲೆ ಬರುವ ಕಾಲೇಜು ಫೀ: ಒಂಬತ್ತನೇ ತರಗತಿಯಿಂದಲೇ ತಯಾರಿ ಹೇಗೆ?

ಹಾವೇರಿ ಜಿಲ್ಲೆಯ ಕಾಗಿನೆಲೆ ಸುತ್ತಿನ ಹಳ್ಳಿಗಳಲ್ಲಿ ದುಡ್ಡು ಬರುವ ತಿಂಗಳು ಬೇರೆ, ಕಾಲೇಜು ದುಡ್ಡು ಕೇಳುವ ತಿಂಗಳು ಬೇರೆ. ಗೋವಿನಜೋಳ ದೀಪಾವಳಿಯಿಂದ ಸಂಕ್ರಾಂತಿಯೊಳಗೆ ಬಹುತೇಕ ಮಾರಿಹೋಗುತ್ತದೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ವಹಿವಾಟು ಜನವರಿಯಿಂದ ಏಪ್ರಿಲ್‌ವರೆಗೆ ಜೋರು. ಪಿಯುಸಿಗೋ ಡಿಗ್ರಿಗೋ ಪ್ರವೇಶ ಶುಲ್ಕ ಕಟ್ಟಬೇಕಾದದ್ದು ಮಾತ್ರ ಜೂನ್, ಜುಲೈ ಹೊತ್ತಿಗೆ. ರೋಹಿಣಿ, ಮಿರಗದ ಮಳೆ ಬಿದ್ದು ಮನೆಯವರು ಬೀಜ, ಗೊಬ್ಬರಕ್ಕೆ ಓಡಾಡುವ ಕಾಲ ಅದು. ಒಳ್ಳೆಯ ಅಂಕ ಪಡೆದ ಹುಡುಗಿಗೂ ‘ಈ ವರ್ಷ ಮನೆಯಲ್ಲಿರು, ಮುಂದಿನ ವರ್ಷ ನೋಡೋಣ’ ಎಂದು ಹೇಳುವ ಮನೆಗಳಿವೆ. ಆ ಮುಂದಿನ ವರ್ಷ ಹೆಚ್ಚಾಗಿ ಬರುವುದೇ ಇಲ್ಲ.

ಒಂದೇ ಬೆಳೆಯ ಮೇಲೆ ಭರವಸೆ ಇಡುವಂತೆಯೂ ಇಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ಬೆಲೆ ಒಮ್ಮೆಲೇ ಕುಸಿದಾಗ ರೈತರ ಸಿಟ್ಟು ಯಾವ ಮಟ್ಟಕ್ಕೆ ಹೋಯಿತೆಂಬುದು ಜಿಲ್ಲೆಗೆಲ್ಲ ಗೊತ್ತು. ಹಾಗಿದ್ದರೂ ಬಡ ಮನೆಯ ಮಕ್ಕಳ ಓದು ನಿಲ್ಲುವುದಕ್ಕೆ ಹಣವೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ವಿದ್ಯಾರ್ಥಿವೇತನ, ಹಾಸ್ಟೆಲ್, ಕಡಿಮೆ ಬಡ್ಡಿಯ ಸಾಲ ಎಲ್ಲವೂ ಇವೆ. ಅವು ಸಿಗಬೇಕಾದರೆ ಬೇಕಾಗುವ ಕಾಗದಪತ್ರ ಜೂನ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅದೇ ತೊಂದರೆ. ಆದ್ದರಿಂದ ಈ ಕೆಲಸ ಒಂಬತ್ತನೇ ತರಗತಿಯಲ್ಲೇ ಶುರುವಾಗಬೇಕು.

ಮೊದಲು ಹೆಸರು ಸರಿಮಾಡಿಕೊಳ್ಳಿ

ಎಲ್ಲಕ್ಕಿಂತ ಹೆಚ್ಚು ಅರ್ಜಿಗಳು ಸಿಕ್ಕಿಬೀಳುವುದು ಇಲ್ಲೇ. ರಾಣೇಬೆನ್ನೂರು ಸೀಮೆಯಲ್ಲಿ ದೇವರಗುಡ್ಡದ ದೇವರ ಹೆಸರಿಟ್ಟುಕೊಂಡ ಹುಡುಗರು ಊರಿಗೆ ನಾಲ್ಕು ಮಂದಿ ಇರುತ್ತಾರೆ. ಅಂಥ ಒಬ್ಬ ಹುಡುಗನ ದಾಖಲೆ ತೆಗೆದು ನೋಡಿ. ಶಾಲೆಯ ರಜಿಸ್ಟರಿನಲ್ಲಿ ‘ಮಾಲತೇಶ’, ಆಧಾರ್‌ನಲ್ಲಿ ‘ಮಾಲತೇಶಪ್ಪ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ಮುಂದೆ, ಜಾತಿ ಪ್ರಮಾಣಪತ್ರದಲ್ಲಿ ಅಡ್ಡಹೆಸರೇ ಇಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಕಡೆ ಎಚ್ ಇದೆ, ಇನ್ನೊಂದು ಕಡೆ ಇಲ್ಲ. ಮನೆಯವರಿಗೆ ಇವೆಲ್ಲ ಒಬ್ಬನೇ ಹುಡುಗ. ಕಂಪ್ಯೂಟರಿಗೆ ನಾಲ್ವರು.

ಒಂಬತ್ತನೇ ತರಗತಿಯ ದಸರೆ ರಜೆಯಲ್ಲಿ ಮಗುವಿನ ಆಧಾರ್, ಶಾಲೆಯ ದಾಖಲೆ, ಪಾಸ್‌ಬುಕ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಒಟ್ಟಿಗೆ ಹರಡಿಕೊಂಡು ಕೂತು ಅಕ್ಷರ ಅಕ್ಷರ ಹೋಲಿಸಿ. ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನಾಂಕ ನಾಲ್ಕನ್ನೂ ನೋಡಬೇಕು. ಶಾಲೆಯ ದಾಖಲೆ ತಪ್ಪಿದ್ದರೆ ಮುಖ್ಯೋಪಾಧ್ಯಾಯರ ಬಳಿ ಹೋಗಿ, ಇಲಾಖೆ ವಿದ್ಯಾರ್ಥಿಗಳ ವಿವರ ಇಡುವ ಸ್ಯಾಟ್ಸ್‌ನಲ್ಲಿ ತಿದ್ದಿಸಬೇಕು. ಆಧಾರ್ ತಪ್ಪಿದ್ದರೆ ಆಧಾರ್ ಕೇಂದ್ರದಲ್ಲಿ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದು ಸಲ ಮಾತ್ರ ಬದಲಿಸಬಹುದು, ಹಾಗಾಗಿ ಅವಸರ ಬೇಡ. ಹತ್ತನೇ ತರಗತಿಯಲ್ಲಿ ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಗಳ ಪಟ್ಟಿಯನ್ನು ತಿದ್ದುಪಡಿಗೆಂದು ಶಾಲೆಗೆ ಕಳಿಸುತ್ತಾರೆ. ಆ ಪಟ್ಟಿಗೆ ಸಹಿ ಹಾಕುವ ಮುನ್ನ ಮಗು ಮನೆಯವರಿಗೆ ತೋರಿಸಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವ ಅಲೆದಾಟ ಯಾರಿಗೂ ಬೇಡ.

ಪ್ರಮಾಣಪತ್ರಗಳು

ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ ‘ಡಿ’, ಪ್ರವರ್ಗ-1ಕ್ಕೆ ‘ಇ’, 2ಎ, 2ಬಿ, 3ಎ, 3ಬಿಯವರಿಗೆ ‘ಎಫ್’. ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಇರುತ್ತದೆ. ಮುಂದೆ ಸಿಇಟಿ, ವಿದ್ಯಾರ್ಥಿವೇತನ, ಹಾಸ್ಟೆಲ್ ಎಲ್ಲೆಡೆ ಕೇಳುವುದು ಆ ಸಂಖ್ಯೆಯನ್ನೇ. ಆದಾಯ ಪತ್ರದ ಅವಧಿ ಐದು ವರ್ಷ. ಎಂಟನೇ ತರಗತಿಯಲ್ಲಿ ಮಾಡಿಸಿದ ಪತ್ರ ಡಿಗ್ರಿಯ ಹೊತ್ತಿಗೆ ಮುಗಿದುಹೋಗಿರುತ್ತದೆ, ದಿನಾಂಕ ನೋಡಿಕೊಳ್ಳಿ.

ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ ವ್ಯಾಸಂಗ ಎಂಬ ಇನ್ನೆರಡು ಪತ್ರಗಳನ್ನು ನಮ್ಮ ಹಳ್ಳಿಗಳ ತಂದೆತಾಯಿ ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಮೀಸಲು ಇದೆ. ಹತ್ತೂ ವರ್ಷ ಓದಿರಬೇಕು, ಒಂಬತ್ತು ಸಾಲದು. ಕಾಗಿನೆಲೆಯಲ್ಲಿ ಗ್ರಾಮ ಪಂಚಾಯಿತಿ ಇದೆ, ಆದ್ದರಿಂದ ಅಲ್ಲಿನ ಶಾಲೆಯಲ್ಲಿ ಓದಿದ ವರ್ಷ ಲೆಕ್ಕಕ್ಕೆ ಬರುತ್ತದೆ. ಬ್ಯಾಡಗಿ, ರಾಣೇಬೆನ್ನೂರು, ಹಾವೇರಿ ಪಟ್ಟಣದೊಳಗಿನ ಶಾಲೆಯ ವರ್ಷ ಬರುವುದಿಲ್ಲ. ‘ಹೈಸ್ಕೂಲಿಗೆ ಊರಲ್ಲಿ ಬೇಡ, ಪಟ್ಟಣದ ಇಂಗ್ಲಿಷ್ ಮೀಡಿಯಂಗೆ ಹಾಕೋಣ’ ಎಂದು ಎಂಟನೇ ತರಗತಿಯಲ್ಲಿ ಮಗುವನ್ನು ಎತ್ತಿಕೊಂಡು ಹೋದರೆ ಎರಡೂ ಮೀಸಲಾತಿ ಒಟ್ಟಿಗೆ ಕೈತಪ್ಪುತ್ತವೆ. ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತಕ್ಕೆ ಶಿಕ್ಷಕರಿದ್ದರೆ ಅಲ್ಲೇ ಓದಿಸಿ ಎಂಬುದು ನನ್ನ ಖಚಿತ ಸಲಹೆ. ಈ ವ್ಯಾಸಂಗ ಪತ್ರಗಳನ್ನು ಮುಖ್ಯೋಪಾಧ್ಯಾಯರು ಕೊಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ ಹಾಕಬೇಕು. ಪ್ರಾಥಮಿಕ ಶಾಲೆ ಒಂದು ಊರಲ್ಲಿ, ಹೈಸ್ಕೂಲು ಇನ್ನೊಂದು ಊರಲ್ಲಿ ಆಗಿದ್ದರೆ ಎರಡೂ ಕಡೆಯಿಂದ ತೆಗೆದುಕೊಳ್ಳಿ.

ಬ್ಯಾಂಕ್ ಖಾತೆ

ಖಾತೆ ಮಗುವಿನ ಹೆಸರಿನಲ್ಲೇ ಇರಬೇಕು. ಅದಕ್ಕೆ ಆಧಾರ್ ಜೋಡಿಸಿದರೆ ಅರ್ಧ ಕೆಲಸ ಆದಂತೆ. ನೇರ ವರ್ಗಾವಣೆಯ ಹಣ ಬರಲು, ಯಾವ ಖಾತೆಗೆ ಹಣ ಹೋಗಬೇಕೆಂದು ಗುರುತಿಸುವ ಎನ್‌ಪಿಸಿಐ ಮ್ಯಾಪಿಂಗ್ ಆಗಬೇಕು, ಇದನ್ನೇ ಸೀಡಿಂಗ್ ಎನ್ನುವುದು. ಬ್ಯಾಂಕಿನಲ್ಲಿ ‘ಆಧಾರ್ ಸೀಡಿಂಗ್ ಆಗಿದೆಯೇ’ ಎಂದು ಆ ಮಾತಿನಲ್ಲೇ ಕೇಳಿ. ಎರಡು ಖಾತೆಗಳಿದ್ದರೆ ಕೊನೆಯಲ್ಲಿ ಸೀಡ್ ಆದ ಖಾತೆಗೆ ಹಣ ಹೋಗುತ್ತದೆ, ‘ದುಡ್ಡು ಬಂದೇ ಇಲ್ಲ’ ಎನ್ನುವ ಎಷ್ಟೋ ಮಕ್ಕಳ ಹಣ ಮರೆತ ಖಾತೆಯಲ್ಲಿ ಕೂತಿರುತ್ತದೆ. ನಮ್ಮ ಕಡೆಯ ಕೆವಿಜಿ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಹಳೆಯ ಪಾಸ್‌ಬುಕ್ ಇದ್ದವರು ಹೊಸದನ್ನು ಪಡೆದು, ಐಎಫ್‌ಎಸ್‌ಸಿ ಕೋಡ್ ಕೇಳಿ ಬರೆದಿಟ್ಟುಕೊಳ್ಳಿ.

ಎಂಟನೇ ತರಗತಿಯವರಿಗೆ ಒಂದು ಮಾತು

ಮನೆಯಲ್ಲಿ ಎಂಟನೇ ತರಗತಿಯ ಮಗು ಇದ್ದರೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸಿ. ಸರ್ಕಾರಿ, ಅನುದಾನಿತ ಶಾಲೆಯ, ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದ ಮನೆಯ ಮಕ್ಕಳಿಗೆ ಇದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಹತ್ತು ವರ್ಷದೊಳಗಿನ ತಂಗಿ ಇದ್ದರೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. ವರ್ಷಕ್ಕೆ 250 ರೂಪಾಯಿಯಿಂದ ಕಟ್ಟಬಹುದು, ಹತ್ತನೇ ತರಗತಿ ಮುಗಿದ ಮೇಲೆ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ಗೋವಿನಜೋಳದ ಪಟ್ಟಿ ಕೈಗೆ ಬಂದ ವಾರವೇ ಇದನ್ನು ಕಟ್ಟುವ ರೂಢಿ ಒಳ್ಳೆಯದು.

ಎಸ್‌ಎಸ್‌ಎಲ್‌ಸಿ ಆದ ಮೇಲೆ ಯಾವ ದಾರಿ?

ಫಲಿತಾಂಶ ಬಂದ ಮರುದಿನವೇ ಧಾರವಾಡ, ಮೂಡುಬಿದಿರೆಯ ಕೋಚಿಂಗ್ ಕಾಲೇಜುಗಳ ಹೆಸರು ಮನೆಯಲ್ಲಿ ಓಡಾಡುತ್ತದೆ. ಪಿಯುಸಿಗೇ ಲಕ್ಷಗಟ್ಟಲೆ ಸಾಲ ಮಾಡಿದರೆ ಡಿಗ್ರಿಯ ಹೊತ್ತಿಗೆ ಸಾಲ ಕೇಳಲು ಬಾಗಿಲೇ ಉಳಿಯುವುದಿಲ್ಲ. ಸಾಲ ಮಾಡುವುದೇ ಆದರೆ ವೃತ್ತಿಪರ ಕೋರ್ಸಿಗೆ ಮಾಡಿ, ಪಿಯುಸಿಗೆ ಬೇಡ. ಸರ್ಕಾರಿ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರ ಬಸ್ ಪ್ರಯಾಣವೂ ಉಚಿತ. ಕಾಗಿನೆಲೆಯಿಂದ ಬ್ಯಾಡಗಿಗೋ ಹಾವೇರಿಗೋ ದಿನಾ ಹೋಗಿಬರುವ ಹುಡುಗಿಗೆ ‘ಬಸ್ಸಿನ ಖರ್ಚು’ ಎಂಬ ನೆಪ ಇನ್ನು ಉಳಿದಿಲ್ಲ. ಹುಡುಗರಿಗೆ ವಿದ್ಯಾರ್ಥಿ ಪಾಸ್ ಇದೆ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು.

ಕೈಕೆಲಸದಲ್ಲಿ ಆಸಕ್ತಿ ಇರುವ ಮಗುವಿಗೆ ಸರ್ಕಾರಿ ಪಾಲಿಟೆಕ್ನಿಕ್‌ನ ಡಿಪ್ಲೊಮಾ ಒಳ್ಳೆಯ ದಾರಿ, ನಮ್ಮಲ್ಲಿ ಅದಕ್ಕೆ ಸಲ್ಲಬೇಕಾದ ಮರ್ಯಾದೆ ಸಿಕ್ಕಿಲ್ಲ. ಮೂರು ವರ್ಷಕ್ಕೆ ಕೆಲಸ ಹಿಡಿಯಬಹುದು. ಓದು ಮುಂದುವರಿಸಬೇಕೆಂದರೆ ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೇ ನೇರವಾಗಿ ಸೇರಬಹುದು.

ಸಿಇಟಿ ವರ್ಷ

ದ್ವಿತೀಯ ಪಿಯುಸಿಯ ಜನವರಿಯಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಜಿ ಶುರುವಾಗುತ್ತದೆ, ಪರೀಕ್ಷೆ ಏಪ್ರಿಲ್‌ನಲ್ಲಿ. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಆದ್ದರಿಂದ ಬೋರ್ಡ್ ಪರೀಕ್ಷೆ ಬಿಟ್ಟು ಬರೀ ಸಿಇಟಿಗೆ ಓದುವುದು ದಡ್ಡತನ. ಪಿಯುಸಿಗೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದರಲ್ಲಿ ಅಂಕ ಕಡಿಮೆ ಬಂದರೆ ಇನ್ನೊಂದು ಬರೆದು, ಹೆಚ್ಚು ಬಂದದ್ದನ್ನು ಉಳಿಸಿಕೊಳ್ಳಬಹುದು.

ಅರ್ಜಿ ತುಂಬುವಾಗ ಗ್ರಾಮೀಣ, ಕನ್ನಡ ಮಾಧ್ಯಮದ ಕಾಲಂಗಳಲ್ಲಿ ‘ಹೌದು’ ಎಂದು ಗುರುತಿಸಿದ್ದೀರಾ ಎಂದು ಮುದ್ರಿತ ಪ್ರತಿಯಲ್ಲಿ ಮತ್ತೊಮ್ಮೆ ನೋಡಿ. ಸೈಬರ್ ಅಂಗಡಿಯ ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಅದೇ. ಕೃಷಿಕರ ಮಕ್ಕಳಿಗೆ ಬಿ.ಎಸ್ಸಿ ಕೃಷಿ ಮುಂತಾದ ಕೋರ್ಸುಗಳಲ್ಲಿ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಬೀಜ, ಬೆಳೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಹೊಲದಲ್ಲಿ ಬೆಳೆದ ಮಗುವಿಗೆ ಇದಕ್ಕಿಂತ ಹತ್ತಿರದ ಪರೀಕ್ಷೆ ಬೇರೆ ಯಾವುದಿದೆ? ರಾಣೇಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ. ಹಾವೇರಿ ಬಳಿಯ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಹಾವೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇವೆ. ಆಯ್ಕೆಗಳನ್ನು ದಾಖಲಿಸುವಾಗ ಎಸ್‌ಎನ್‌ಕ್ಯೂ ಎಂಬ ಗುರುತಿನ ಸೀಟುಗಳನ್ನೂ ಸೇರಿಸಿ. ವಾರ್ಷಿಕ ಆದಾಯ ಎಂಟು ಲಕ್ಷದೊಳಗಿನ ಮನೆಯವರಿಗೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚುವರಿಯಾಗಿ ಇಟ್ಟ ಶೇ 5ರಷ್ಟು ಸೀಟುಗಳಿವು, ಬೋಧನಾ ಶುಲ್ಕ ಇರುವುದಿಲ್ಲ.

ಪಿಯುಸಿ ಫಲಿತಾಂಶದ ನಂತರ ‘ಬೆಂಗಳೂರಿನಲ್ಲಿ ನರ್ಸಿಂಗ್ ಸೀಟು ಕೊಡಿಸುತ್ತೇವೆ’ ಎನ್ನುವ ಏಜೆಂಟರು ಹಳ್ಳಿಗೂ ಬರುತ್ತಾರೆ. ಬಿ.ಎಸ್ಸಿ ನರ್ಸಿಂಗ್‌ಗೂ ಪ್ರಾಧಿಕಾರದ ಮೂಲಕ ಸೀಟು ಹಂಚಿಕೆ ಇದೆ. ಮುಂಗಡ ಕೇಳಿದವರ ಕೈಗೆ ಮೂಲ ಅಂಕಪಟ್ಟಿ ಕೊಡಬೇಡಿ. ಅದನ್ನು ವಾಪಸು ಪಡೆಯಲು ಪೂರ್ತಿ ಕೋರ್ಸಿನ ಫೀ ಕಟ್ಟಬೇಕಾಗಿ ಬಂದ ಮನೆಗಳಿವೆ.

ಹಣ ಎಲ್ಲಿಂದ?

ಮೊದಲು ಹಾಸ್ಟೆಲ್. ಊರು ಬಿಟ್ಟು ಓದುವ ಮಗುವಿಗೆ ಫೀಗಿಂತ ಊಟ, ರೂಮಿನ ಖರ್ಚೇ ಭಾರ. ಹಿಂದುಳಿದ ವರ್ಗ, ಸಮಾಜ ಕಲ್ಯಾಣ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ. ಅದು ಪ್ರವೇಶದ ಜತೆಜತೆಗೇ ತೆರೆದು ಬೇಗ ಮುಚ್ಚುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವ ಲೆಕ್ಕದಲ್ಲಿ ಶುರುವಾದ ಯೋಜನೆ ಅದು.

ಎರಡನೆಯದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಎಲ್ಲರೂ ಎಸ್‌ಎಸ್‌ಪಿ ಎನ್ನುವುದು. ಪ್ರವರ್ಗಕ್ಕೆ ತಕ್ಕಂತೆ ಆದಾಯ ಮಿತಿ ಬೇರೆ ಬೇರೆ. ಅರ್ಜಿ ಹಾಕಿದರೆ ಮುಗಿಯಲಿಲ್ಲ, ಕಾಲೇಜು ಅದನ್ನು ದೃಢೀಕರಿಸಬೇಕು. ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿವೇತನ ನೋಡಿಕೊಳ್ಳುವವರು ಯಾರೆಂದು ಮೊದಲ ವಾರದಲ್ಲೇ ತಿಳಿದುಕೊಳ್ಳಿ.

ಹತ್ತು ಮತ್ತು ಹನ್ನೆರಡನೇ ತರಗತಿ ಎರಡನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಮುಗಿಸಿ ಡಿಗ್ರಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೋರ್ಸ್ ಮುಗಿಯುವವರೆಗೂ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಅರ್ಜಿಗೆ ಒಂದು ಪೈಸೆಯೂ ಇಲ್ಲ. ನಮ್ಮ ಹಳ್ಳಿಗಳ ಪ್ರತಿಯೊಂದು ಮನೆಗೂ ಮುಟ್ಟಬೇಕಾದ ಸುದ್ದಿ ಇದು.

ತಂದೆಯೋ ತಾಯಿಯೋ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರೆ ಕಾರ್ಮಿಕ ಕಾರ್ಡ್ ಮಾಡಿಸಿ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಮಕ್ಕಳ ಓದಿಗೆ ಸಹಾಯಧನವಿದೆ. ಹೊಲ ಇದ್ದವರು ರೈತ ಸಂಪರ್ಕ ಕೇಂದ್ರದಲ್ಲಿ ಉತಾರ ತೋರಿಸಿ ಎಫ್‌ಐಡಿ ಎಂಬ ರೈತರ ಗುರುತಿನ ಸಂಖ್ಯೆ ಪಡೆದಿಟ್ಟುಕೊಳ್ಳಿ. ರೈತರ ಮಕ್ಕಳಿಗೆಂದು 2021ರಲ್ಲಿ ಬಂದ ವಿದ್ಯಾನಿಧಿ ವಿದ್ಯಾರ್ಥಿವೇತನ ಆ ಸಂಖ್ಯೆಯ ಮೇಲೆಯೇ ನಡೆದದ್ದು.

ಸಾಲ ಕೊನೆಯಲ್ಲಿ

ಇಷ್ಟೆಲ್ಲ ಆದ ಮೇಲೂ ಕೊರತೆ ಬಿದ್ದರೆ ಸಾಲ. ಕೈಗಡದ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ ನೂರಕ್ಕೆ ಮೂವತ್ತಾರು. ದೇವರಾಜ ಅರಸು ಹಿಂದುಳಿದ ವರ್ಗಗಳ ನಿಗಮದ ಅರಿವು ಸಾಲ ವರ್ಷಕ್ಕೆ ನೂರಕ್ಕೆ ಎರಡರ ಬಡ್ಡಿಯದು, ಸಿಇಟಿ ಮೂಲಕ ವೃತ್ತಿಪರ ಕೋರ್ಸ್ ಸೇರಿದವರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ. ಅಲ್ಪಸಂಖ್ಯಾತರ ನಿಗಮಕ್ಕೂ ಅರಿವು ಇದೆ, ವೀರಶೈವ ಲಿಂಗಾಯತ ನಿಗಮದ್ದಕ್ಕೆ ‘ಬಸವ ಬೆಳಗು’ ಎಂದು ಹೆಸರು.

ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ನಾಲ್ಕು ಲಕ್ಷದವರೆಗೆ ಹೊಲ, ಮನೆ ಅಡವಿಡಬೇಕಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ. ಆದಾಯ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿಯೂ ಇದೆ. ಆದರೆ ಕೇಂದ್ರ ಗುರುತಿಸಿದ ಸಂಸ್ಥೆಗಳಿಗೆ ಮಾತ್ರ ಇದು ಅನ್ವಯ. ಸೀಟು ಒಪ್ಪಿಕೊಳ್ಳುವ ಮೊದಲೇ ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯೇ ಎಂದು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ನೋಡಿ.

ಶಿಕ್ಷಣ ಸಾಲದ ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ನಂತರ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತದೆ. ಸುಗ್ಗಿಯಲ್ಲಿ ಕೈಗೆ ನಾಲ್ಕು ಕಾಸು ಬಂದಾಗ ಆ ವರ್ಷದ ಬಡ್ಡಿಯಷ್ಟನ್ನಾದರೂ ಕಟ್ಟಿ ರಸೀದಿ ಇಟ್ಟುಕೊಂಡರೆ, ಮಗಳು ಕೆಲಸಕ್ಕೆ ಸೇರುವ ಹೊತ್ತಿಗೆ ತೀರಿಸಬೇಕಾದದ್ದು ಅಸಲು ಮಾತ್ರ.