ಎರಡನೆಯ ಸುಗ್ಗಿ

ಸುಗ್ಗಿಯ ಕಾಲದಲ್ಲಿ ಪೈರನ್ನು ಕೊಯ್ದು, ಹೊರೆ ಕಟ್ಟಿ, ಕಣಕ್ಕೆ ಸಾಗಿಸಿದ ಮೇಲೆಯೂ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ತೆನೆ ಉಳಿದಿರುತ್ತದೆ. ಕುಡುಗೋಲಿಗೆ ಸಿಕ್ಕದೆ ನಿಂತ ತೆನೆ, ಹೊರೆಯಿಂದ ಜಾರಿಬಿದ್ದ ತೆನೆ, ಹೊಲದ ಬದುವಿನ ಮೇಲೆ ಉದುರಿದ ತೆನೆ, ಇವೆಲ್ಲಕ್ಕೂ ಕನ್ನಡದಲ್ಲಿ ‘ಹಕ್ಕಲು’ ಎಂಬ ಹೆಸರಿದೆ. ಹಕ್ಕಲಾಯಲು ಬಂದ ಬಡ ಹೆಂಗಸರನ್ನೂ ಮಕ್ಕಳನ್ನೂ ಒಳ್ಳೆಯ ರೈತನು ತಡೆಯುತ್ತಿರಲಿಲ್ಲ. ಆ ತೆನೆಗಳಿಂದ ಅವನ ಕಣಜಕ್ಕೆ ಕೊರತೆಯಾಗುತ್ತಿರಲಿಲ್ಲ. ಆಯ್ದವರ ಮನೆಯಲ್ಲಿ ಮಾತ್ರ ಕೆಲವು ದಿನ ಒಲೆ ಉರಿಯುತ್ತಿತ್ತು. ‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆಯ ಅರ್ಥವನ್ನು ಹಕ್ಕಲಾಯ್ದವರಿಗಿಂತ ಚೆನ್ನಾಗಿ ಬಲ್ಲವರು ವಿರಳ.

ನಗರದಲ್ಲಿ ಹೊಲವಿಲ್ಲ, ಕಣವಿಲ್ಲ. ಆದುದರಿಂದ ಹಕ್ಕಲೂ ಇಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ವಿಚಾರಮಾಡಿ ನೋಡಿದರೆ ಹಳ್ಳಿಗಿಂತ ನಗರದಲ್ಲಿಯೇ ಹಕ್ಕಲು ಹೆಚ್ಚು. ದೊಡ್ಡ ಅಂಗಡಿಗಳಲ್ಲಿ, ತರಕಾರಿ ಮಂಡಿಗಳಲ್ಲಿ, ಹೋಟೆಲುಗಳಲ್ಲಿ, ಔತಣದ ಮನೆಗಳಲ್ಲಿ ದಿನವೂ ಒಳ್ಳೆಯ ಆಹಾರ ಉಳಿಯುತ್ತದೆ. ಹೊಲದ ಹಕ್ಕಲು ಬಯಲಿನಲ್ಲಿ ಎಲ್ಲರ ಕಣ್ಣಿಗೂ ಕಾಣುವಂತೆ ಬಿದ್ದಿರುತ್ತದೆ. ನಗರದ ಹಕ್ಕಲಾದರೋ ಗೋಡೆಗಳ ಹಿಂದೆ, ಮುಚ್ಚಿದ ಬಾಗಿಲುಗಳ ಒಳಗೆ ಉಳಿದು, ಅಲ್ಲಿಂದ ನೇರವಾಗಿ ಕಸದ ತೊಟ್ಟಿಗೆ ಸೇರುತ್ತದೆ. ಹಸಿದವನಿಗೂ ಉಳಿದ ಅನ್ನಕ್ಕೂ ನಡುವೆ ಒಂದೇ ಬೀದಿಯ ಅಂತರವಿದ್ದರೂ ಅವೆರಡೂ ಸಂಧಿಸುವುದಿಲ್ಲ. ಈ ಅಂತರಕ್ಕೆ ಸೇತುವೆ ಕಟ್ಟಿದವರಲ್ಲಿ ಮೊದಲಿಗರು ಅಮೆರಿಕದ ಫೀನಿಕ್ಸ್ ನಗರದ ಜಾನ್ ವ್ಯಾನ್ ಹೆಂಗೆಲ್.

ವ್ಯಾನ್ ಹೆಂಗೆಲ್ ಅವರು 1923ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ವಾಪನ್ ಎಂಬ ಊರಿನಲ್ಲಿ ಜನಿಸಿದರು. ವಿದ್ಯಾಭ್ಯಾಸ ಮುಗಿದ ನಂತರ ಕ್ಯಾಲಿಫೋರ್ನಿಯಾಕ್ಕೆ ತೆರಳಿ ಹಲವು ಬಗೆಯ ಕೆಲಸಗಳಲ್ಲಿ ತೊಡಗಿ ಸುಖವಾಗಿಯೇ ಬಾಳುತ್ತಿದ್ದರು. ಆದರೆ ಭಾಗ್ಯವು ಬಹುಕಾಲ ಅವರ ಕೈಹಿಡಿಯಲಿಲ್ಲ. ಸಂಸಾರ ಒಡೆಯಿತು. ಹುಟ್ಟೂರಿನ ಕಡೆಗೆ ಮರಳಿ ಕಲ್ಲುಗಣಿಯೊಂದರಲ್ಲಿ ದುಡಿಯುತ್ತಿದ್ದಾಗ ಬಿದ್ದ ಪೆಟ್ಟಿನಿಂದಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಶರೀರದ ಸ್ವಾಧೀನ ಕೆಲಮಟ್ಟಿಗೆ ತಪ್ಪಿತು. ಬೆಚ್ಚಗಿನ ಹವೆಯಿರುವ ಕಡೆ ಮೈ ಚೇತರಿಸಬಹುದೆಂಬ ಆಸೆಯಿಂದ ಅವರು ಅರಿಜೋನಾದ ಮರುಭೂಮಿಯ ನಡುವೆ ಇರುವ ಫೀನಿಕ್ಸ್ ನಗರಕ್ಕೆ ಬಂದರು. ನಡುವಯಸ್ಸಿನಲ್ಲಿ, ಕೈಯಲ್ಲಿ ಹಣವಿಲ್ಲದೆ, ಮೈಯಲ್ಲಿ ಬಲವಿಲ್ಲದೆ ಬಂದ ಅವರು ಮುಂದೆ ಲಕ್ಷಾಂತರ ಜನರಿಗೆ ಅನ್ನದ ದಾರಿ ತೋರುವರೆಂದು ಅಂದು ಯಾರೂ ಊಹಿಸಿರಲಾರರು.

ಈಜಿನಿಂದಲೂ ವ್ಯಾಯಾಮದಿಂದಲೂ ಶರೀರವನ್ನು ಸರಿಪಡಿಸಿಕೊಳ್ಳುತ್ತ ವ್ಯಾನ್ ಹೆಂಗೆಲ್ ಅವರು ಬಡವರಿಗೆ ಊಟ ನೀಡುವ ಒಂದು ಭೋಜನಶಾಲೆಯಲ್ಲಿ ಸ್ವಯಂಸೇವಕರಾಗಿ ಸೇರಿದರು. ಫೀನಿಕ್ಸಿನ ಸುತ್ತಮುತ್ತ ನೀರಾವರಿಯಿಂದ ಬೆಳೆದ ಕಿತ್ತಳೆ ಮೊದಲಾದ ಹಣ್ಣಿನ ಗಿಡಗಳು ಹೇರಳವಾಗಿದ್ದವು. ಗಿಡದ ಬುಡದಲ್ಲಿ ಹಣ್ಣುಗಳು ಬಿದ್ದು ಕೊಳೆಯುತ್ತಿರುವುದನ್ನು ಅವರು ಕಂಡರು. ಒಡೆಯರ ಒಪ್ಪಿಗೆ ಪಡೆದು, ಹಳೆಯ ಹಾಲಿನ ಗಾಡಿಯೊಂದರಲ್ಲಿ ಅವುಗಳನ್ನು ತುಂಬಿ ತಂದು ಭೋಜನಶಾಲೆಗೆ ಒಪ್ಪಿಸತೊಡಗಿದರು. ಬೇಗನೆ ಹಣ್ಣುಗಳು ಭೋಜನಶಾಲೆಯ ಅಗತ್ಯಕ್ಕೂ ಮೀರಿದವು. ಉಳಿದುದನ್ನು ನಗರದ ಇತರ ಸೇವಾಸಂಸ್ಥೆಗಳಿಗೆ ಹಂಚಬೇಕಾಯಿತು. ಅರಿವಿಲ್ಲದೆಯೇ ಅವರು ಹಕ್ಕಲಾಯುವ ಹಳೆಯ ಪದ್ಧತಿಯನ್ನು ಹೊಸ ನೆಲದಲ್ಲಿ ಆರಂಭಿಸಿದ್ದರು.

ಆ ದಿನಗಳಲ್ಲಿಯೇ ಒಬ್ಬ ತಾಯಿಯ ಪರಿಚಯ ಅವರಿಗಾಯಿತು. ಆಕೆಗೆ ಹತ್ತು ಮಂದಿ ಮಕ್ಕಳು, ಗಂಡ ಸೆರೆಮನೆಯಲ್ಲಿದ್ದ. ಇಷ್ಟು ಮಕ್ಕಳ ಹೊಟ್ಟೆಯನ್ನು ಹೇಗೆ ತುಂಬಿಸುತ್ತೀರಿ ಎಂದು ಕೇಳಿದಾಗ ಆಕೆ ಸಂಕೋಚಪಡದೆ ಉಳ್ಳ ಸಂಗತಿಯನ್ನೇ ಹೇಳಿದಳು. ದಿನಸಿ ಅಂಗಡಿಯವರು ಹಿತ್ತಿಲಿನ ಕಸದ ತೊಟ್ಟಿಗೆ ಎಸೆಯುವ ಪದಾರ್ಥಗಳೇ ಆ ಮಕ್ಕಳ ಆಹಾರವಾಗಿದ್ದವು. ವ್ಯಾನ್ ಹೆಂಗೆಲ್ ಅವರು ಹೋಗಿ ನೋಡಿದರು. ತೊಟ್ಟಿಯಲ್ಲಿ ಕೊಳೆತ ಕಸವಿರಬಹುದೆಂದು ಭಾವಿಸಿದ್ದವರಿಗೆ ಆಶ್ಚರ್ಯ ಕಾದಿತ್ತು. ಮಂಜುಗಟ್ಟಿಸಿದ ಆಹಾರದ ಪೊಟ್ಟಣಗಳು ಇನ್ನೂ ಗಟ್ಟಿಯಾಗಿಯೇ ಇದ್ದವು. ತಿನ್ನಲು ಯೋಗ್ಯವಾದ ಗಜ್ಜರಿಗಳಿದ್ದವು. ಹಿಂದಿನ ದಿನದ ರೊಟ್ಟಿಗಳಿದ್ದವು. ಕಸವೆಂದು ಕರೆಸಿಕೊಂಡದ್ದು ವಾಸ್ತವವಾಗಿ ಆಹಾರವೇ ಆಗಿತ್ತು. ಅದು ಇರಬೇಕಾದ ಸ್ಥಳ ಮಾತ್ರ ಬೇರೆಯಾಗಿತ್ತು.

ಆ ತಾಯಿ ಮತ್ತೊಂದು ಮಾತನ್ನೂ ಸೂಚಿಸಿದ್ದಳು. ಹಣವುಳ್ಳವರು ಬ್ಯಾಂಕಿನಲ್ಲಿ ಹಣವಿಡುತ್ತಾರೆ. ಬೇಕಾದವರು ಅಲ್ಲಿಂದ ಪಡೆಯುತ್ತಾರೆ. ಅದೇ ರೀತಿ ಹೆಚ್ಚಾದ ಆಹಾರವನ್ನು ತಂದಿಡಲು, ಇಲ್ಲದವರು ಬಂದು ಪಡೆಯಲು ಒಂದು ಸ್ಥಳವಿರಬೇಕು ಎಂಬುದು ಆಕೆಯ ಆಲೋಚನೆ. ಮೇಲುನೋಟಕ್ಕೆ ಇದೊಂದು ಹೋಲಿಕೆ ಮಾತ್ರ. ಆದರೆ ಅದರಲ್ಲಿ ಆಳವಾದ ಅರ್ಥವಿದೆ. ಕಸದ ತೊಟ್ಟಿಗೆ ಕೈಹಾಕುವವರು ಯಾರಾದರೂ ಕಂಡಾರೆಂಬ ಅಳುಕಿನಿಂದ ಕತ್ತಲನ್ನು ಕಾಯಬೇಕಾಗುತ್ತದೆ. ಬ್ಯಾಂಕಿನ ಬಾಗಿಲಲ್ಲಿ ನಿಂತವರು ತಲೆತಗ್ಗಿಸಬೇಕಾಗಿಲ್ಲ. ಆಕೆ ಬಯಸಿದ್ದು ತನ್ನ ಮಕ್ಕಳಿಗೆ ಅನ್ನವನ್ನು ಮಾತ್ರವಲ್ಲ, ಅನ್ನದ ಜೊತೆಗೆ ಮಾನವನ್ನೂ ಕೂಡ. ಮುಂದೆ ಜಗತ್ತಿನಾದ್ಯಂತ ಹಬ್ಬಿದ ಒಂದು ವ್ಯವಸ್ಥೆಯ ಮೂಲಕಲ್ಪನೆ ಹೀಗೆ ಹಸಿವನ್ನು ಕಂಡುಂಡ ಒಬ್ಬ ತಾಯಿಯಿಂದ ಹೊರಟಿತೆಂಬುದನ್ನು ಮರೆಯಬಾರದು.

ವ್ಯಾನ್ ಹೆಂಗೆಲ್ ಅವರು ಕೂಡಲೇ ಕಾರ್ಯಪ್ರವೃತ್ತರಾದರು. ಅಂಗಡಿಯ ವ್ಯವಸ್ಥಾಪಕರನ್ನು ಕಂಡು, ಎಸೆಯುವ ಬದಲು ಆ ಪದಾರ್ಥಗಳನ್ನು ತಮಗೆ ಕೊಡಬೇಕೆಂದು ಕೇಳಿಕೊಂಡರು. ನಗರದ ಸೇಂಟ್ ಮೇರೀಸ್ ಚರ್ಚಿನವರು 3,000 ಡಾಲರುಗಳನ್ನೂ ಬಳಕೆಯಿಲ್ಲದೆ ಬಿದ್ದಿದ್ದ ಒಂದು ಹಳೆಯ ಬೇಕರಿ ಕಟ್ಟಡವನ್ನೂ ಕೊಟ್ಟು ನೆರವಾದರು. 1967ರಲ್ಲಿ ಅಲ್ಲಿ ‘ಸೇಂಟ್ ಮೇರೀಸ್ ಫುಡ್ ಬ್ಯಾಂಕ್’ ಆರಂಭವಾಯಿತು. ಜಗತ್ತಿನ ಮೊತ್ತಮೊದಲ ಆಹಾರ ಬ್ಯಾಂಕ್ ಎಂಬ ಕೀರ್ತಿ ಅದಕ್ಕೆ ಸಂದಿದೆ. ಮೊದಲ ವರ್ಷದಲ್ಲಿಯೇ ಅದು 2,75,000 ಪೌಂಡು, ಎಂದರೆ ಸುಮಾರು 125 ಟನ್ನು ಆಹಾರವನ್ನು ಹಂಚಿತು. ಇದರಲ್ಲಿ ಬಹುಭಾಗವು ಇಲ್ಲವಾದರೆ ಮಣ್ಣುಪಾಲಾಗುತ್ತಿತ್ತು.

ಇಷ್ಟೊಂದು ಒಳ್ಳೆಯ ಆಹಾರವನ್ನು ವ್ಯಾಪಾರಿಗಳು ಏಕೆ ಎಸೆಯುತ್ತಾರೆಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಅವರ ಕಠೋರತೆಯೇ ಕಾರಣವೆನ್ನಲಾಗದು. ಡಬ್ಬಿ ಸ್ವಲ್ಪ ತಗ್ಗಾದರೆ ಗಿರಾಕಿಗಳು ಅದನ್ನು ಮುಟ್ಟುವುದಿಲ್ಲ. ಮೇಲಿನ ಚೀಟಿ ತಪ್ಪಾಗಿ ಅಚ್ಚಾದರೆ ಮಾರುವಂತಿಲ್ಲ. ಆಕಾರ ಸೊಟ್ಟಗಾದ ತರಕಾರಿಯನ್ನು ಕೊಳ್ಳುವವರಿಲ್ಲ. ಬೇಡಿಕೆಯನ್ನು ಕರಾರುವಾಕ್ಕಾಗಿ ಅಂದಾಜುಮಾಡಲಾಗದೆ ಅಂಗಡಿಯವನು ಸ್ವಲ್ಪ ಹೆಚ್ಚಾಗಿಯೇ ತರಿಸುತ್ತಾನೆ. ಉಳಿದುದನ್ನು ಸಾಗಿಸಲು ಗಾಡಿ ಬೇಕು, ಕೂಲಿ ಬೇಕು, ಪಡೆಯುವವರು ಯಾರೆಂಬ ತಿಳಿವಳಿಕೆ ಬೇಕು. ಇವಾವುವೂ ಇಲ್ಲದಾಗ ತೊಟ್ಟಿಗೆ ಎಸೆಯುವುದೇ ಅವನಿಗೆ ಸುಲಭವಾದ ದಾರಿ. ದಾನಮಾಡಿದ ಆಹಾರದಿಂದ ಯಾರಿಗಾದರೂ ತೊಂದರೆಯಾದರೆ ನ್ಯಾಯಾಲಯಕ್ಕೆ ಹೋಗಬೇಕಾದೀತೆಂಬ ಭಯವೂ ಅನೇಕರನ್ನು ಹಿಂಜರಿಯುವಂತೆ ಮಾಡುತ್ತಿತ್ತು. ಒಳ್ಳೆಯ ಉದ್ದೇಶದಿಂದ ಆಹಾರ ಕೊಟ್ಟವರಿಗೆ ರಕ್ಷಣೆ ನೀಡುವ ಕಾನೂನನ್ನು ಅಮೆರಿಕವು 1996ರಲ್ಲಿ ಇಡೀ ದೇಶಕ್ಕೆ ಅನ್ವಯವಾಗುವಂತೆ ಜಾರಿಗೆ ತಂದಿತು.

ಫೀನಿಕ್ಸಿನ ವಾರ್ತೆ ಬೇರೆ ಊರುಗಳಿಗೂ ಹಬ್ಬಿತು. ಸರ್ಕಾರದ ಧನಸಹಾಯ ದೊರೆತ ಮೇಲೆ ವ್ಯಾನ್ ಹೆಂಗೆಲ್ ಅವರು ಇತರ ನಗರಗಳಿಗೂ ಹೋಗಿ ಆಹಾರ ಬ್ಯಾಂಕುಗಳನ್ನು ಸ್ಥಾಪಿಸಲು ನೆರವಾದರು. 1977ರ ವೇಳೆಗೆ 18 ನಗರಗಳಲ್ಲಿ ಅವು ನೆಲೆಗೊಂಡಿದ್ದವು. ಇವೆಲ್ಲವನ್ನೂ ಜೋಡಿಸುವ ಸಂಸ್ಥೆಯೊಂದು 1979ರಲ್ಲಿ ರೂಪುಗೊಂಡಿತು. ಅದಕ್ಕೆ ಅವರು ಇಟ್ಟ ಹೆಸರು ‘ಸೆಕೆಂಡ್ ಹಾರ್ವೆಸ್ಟ್’, ಎಂದರೆ ‘ಎರಡನೆಯ ಸುಗ್ಗಿ’. ಇಂದು ‘ಫೀಡಿಂಗ್ ಅಮೆರಿಕ’ ಎಂಬ ಹೆಸರಿನಲ್ಲಿ ಕೆಲಸಮಾಡುತ್ತಿರುವುದು ಆ ಸಂಸ್ಥೆಯೇ. 1984ರಲ್ಲಿ ಫ್ರಾನ್ಸ್ ದೇಶದಲ್ಲಿಯೂ ಆಹಾರ ಬ್ಯಾಂಕ್ ಆರಂಭವಾಗಿ, ಈ ಪದ್ಧತಿ ಯೂರೋಪಿಗೆ ಕಾಲಿಟ್ಟಿತು. ಇಷ್ಟೆಲ್ಲ ಬೆಳೆದರೂ ವ್ಯಾನ್ ಹೆಂಗೆಲ್ ಅವರ ಬದುಕು ಬದಲಾಗಲಿಲ್ಲ. ಬಹುಕಾಲ ಅವರು ಸಂಬಳವನ್ನೇ ಪಡೆಯಲಿಲ್ಲ. ಇತರರು ಉಟ್ಟು ಬಿಟ್ಟ ಬಟ್ಟೆಗಳನ್ನೇ ತೊಟ್ಟು ಸರಳವಾಗಿ ಬಾಳಿದರು. 2005ರಲ್ಲಿ ಫೀನಿಕ್ಸ್ ನಗರದಲ್ಲಿಯೇ ಅವರು ಕೊನೆಯುಸಿರೆಳೆದರು.

ಆಹಾರ ಬ್ಯಾಂಕಿನಲ್ಲಿ ಕೂಡಿಡಬಹುದಾದದ್ದು ಹೆಚ್ಚಾಗಿ ದವಸಧಾನ್ಯ, ಡಬ್ಬಿಯ ಪದಾರ್ಥ, ಹಣ್ಣುಹಂಪಲು. ಬೇಯಿಸಿದ ಅಡಿಗೆಯ ಪಾಡೇ ಬೇರೆ. ಅದು ಕಾಯುವುದಿಲ್ಲ. ಈ ಕಷ್ಟವನ್ನು ಎದುರಿಸಿದವರಲ್ಲಿ ಹೆಲೆನ್ ವರ್‌ಡುಯಿನ್ ಪಾಲಿಟ್ ಎಂಬ ಮಹಿಳೆ ಪ್ರಮುಖರು. ನ್ಯೂ ಹೇವನ್ ನಗರದಲ್ಲಿ ಬಡವರ ಊಟದ ಕೇಂದ್ರವೊಂದನ್ನು ನಡೆಸುತ್ತಿದ್ದಾಗ, ಎದುರಿನ ಹೋಟೆಲಿನಲ್ಲಿ ಆಲೂಗೆಡ್ಡೆಯ ಸಿಪ್ಪೆಯಿಂದ ತಿಂಡಿ ಮಾಡಿ ಬೆಂದ ತಿರುಳನ್ನು ಎಸೆಯುತ್ತಿದ್ದ ಸಂಗತಿ ಅವರಿಗೆ ತಿಳಿಯಿತು. ಅವರು ಕೇಳಿದರು, ಹೋಟೆಲಿನವರು ಸಂತೋಷದಿಂದ ಕೊಟ್ಟರು. ಕೇಳಿದರೆ ಕೊಡುವವರಿದ್ದಾರೆಂಬ ಈ ಅನುಭವದ ಬಲದಿಂದ ಅವರು 1982ರಲ್ಲಿ ನ್ಯೂಯಾರ್ಕ್ ನಗರದಲ್ಲಿ ‘ಸಿಟಿ ಹಾರ್ವೆಸ್ಟ್’ ಸಂಸ್ಥೆಯನ್ನು ಸ್ಥಾಪಿಸಿದರು. ಒಂದು ಕಡೆ ಉಳಿದ ಆಹಾರವನ್ನು ವಾಹನದಲ್ಲಿ ತಂದು ತಡಮಾಡದೆ ಮತ್ತೊಂದು ಕಡೆಯ ಹಸಿದವರಿಗೆ ತಲುಪಿಸುವುದೇ ಅದರ ಕಾರ್ಯ.

ಈ ಕಾರ್ಯದಲ್ಲಿ ಕರುಣೆಯಷ್ಟೇ ಸಾಲದು, ಎಚ್ಚರವೂ ಬೇಕು. ಬೇಯಿಸಿದ ಆಹಾರ 5 ಡಿಗ್ರಿಗಿಂತ ಮೇಲೆ, 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಹಳ ಹೊತ್ತು ಇದ್ದರೆ ಅದರಲ್ಲಿ ರೋಗಾಣುಗಳು ವೇಗವಾಗಿ ಹೆಚ್ಚುತ್ತವೆ. ಆದುದರಿಂದ ಉಳಿದ ಅನ್ನವನ್ನು ಬಿಸಿಯಾಗಿಯೇ ಸಾಗಿಸಬೇಕು, ಇಲ್ಲವೇ ಬೇಗನೆ ತಣಿಸಿ ಶೀತಲವಾಗಿಡಬೇಕು. ಎಲೆಯಲ್ಲಿ ಬಿಟ್ಟ ಎಂಜಲಿಗೂ ಪಾತ್ರೆಯಲ್ಲಿ ಮುಟ್ಟದೆ ಉಳಿದ ಅಡಿಗೆಗೂ ಇರುವ ಭೇದವನ್ನು ಅರಿಯಬೇಕು. ತಾನು ಉಣ್ಣಲು ಹೇಸುವುದನ್ನು ಮತ್ತೊಬ್ಬನಿಗೆ ನೀಡಿ ದಾನವೆಂದು ಹೇಳಿಕೊಳ್ಳುವುದು ಹಸಿದವನಿಗೆ ಮಾಡುವ ಅವಮಾನ.

ಭಾರತದಲ್ಲಿಯೂ ಈ ವಿಚಾರ ಬೇರೂರುತ್ತಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಒಂದು ನಗರದ ಮದುವೆಗಳಲ್ಲಿಯೇ ವರ್ಷಕ್ಕೆ 900 ಟನ್ನಿಗೂ ಹೆಚ್ಚು ಒಳ್ಳೆಯ ಆಹಾರ ಹಾಳಾಗುತ್ತಿತ್ತು. ಕಲ್ಯಾಣಮಂಟಪಗಳಿಂದ ಉಳಿದ ಅಡಿಗೆಯನ್ನು ರಾತ್ರಿಯಲ್ಲಿ ಒಯ್ದು ಹಂಚುವ ಸ್ವಯಂಸೇವಕರ ತಂಡಗಳು ಇಂದು ದೇಶದ ಅನೇಕ ನಗರಗಳಲ್ಲಿವೆ. ಉಳಿಕೆಯ ಆಹಾರವನ್ನು ಸುರಕ್ಷಿತವಾಗಿ ಸಂಗ್ರಹಿಸಿ ಹಂಚುವುದಕ್ಕೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2019ರಲ್ಲಿ ನಿಯಮಗಳನ್ನು ರೂಪಿಸಿದೆ. ಫ್ರಾನ್ಸ್ ದೇಶವು 2016ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೊಡ್ಡ ಅಂಗಡಿಗಳು ತಿನ್ನಲು ಯೋಗ್ಯವಾದ ಆಹಾರವನ್ನು ನಾಶಮಾಡಬಾರದೆಂದು ಕಾನೂನು ಮಾಡಿತು.

ಆದರೂ ಸಮಸ್ಯೆಯ ಗಾತ್ರ ದೊಡ್ಡದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ನು ಆಹಾರ ವ್ಯರ್ಥವಾಯಿತು. ಅದೇ ವರ್ಷ 70 ಕೋಟಿಗೂ ಹೆಚ್ಚು ಜನ ಹಸಿವಿನಿಂದ ಬಳಲಿದರು. ವ್ಯರ್ಥವಾದ ಆಹಾರದಲ್ಲಿ ಸುಮಾರು 60 ಪಾಲು ಅಂಗಡಿಗಳದ್ದೂ ಅಲ್ಲ, ಹೋಟೆಲುಗಳದ್ದೂ ಅಲ್ಲ. ಅದು ಮನೆಗಳದ್ದು ಎಂಬ ಅಂಶ ಎಲ್ಲರೂ ಗಮನಿಸತಕ್ಕದ್ದು. ಉಳಿದ ಅನ್ನವನ್ನು ಹಂಚುವುದರಿಂದಲೇ ಹಸಿವು ನಿರ್ಮೂಲವಾಗುವುದೆಂದು ಭಾವಿಸುವುದೂ ಸರಿಯಲ್ಲ. ಹಸಿವಿನ ಬೇರು ಬಡತನದಲ್ಲಿದೆ. ದುಡಿಯುವ ಕೈಗೆ ಕೆಲಸ, ದುಡಿಮೆಗೆ ತಕ್ಕ ಕೂಲಿ, ನ್ಯಾಯಬೆಲೆಯ ಧಾನ್ಯ, ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ, ಇವುಗಳ ಸ್ಥಾನವನ್ನು ಯಾವ ಆಹಾರ ಬ್ಯಾಂಕೂ ತುಂಬಲಾರದು. ಆದರೆ ಆ ಬೇರನ್ನು ಕೀಳುವವರೆಗೆ ಇಂದಿನ ರಾತ್ರಿಯ ಹಸಿವು ಕಾಯುವುದಿಲ್ಲ.

ಹಕ್ಕಲು ಬಿಡುವ ರೈತನು ಅದನ್ನು ದಾನವೆಂದು ಎಣಿಸುತ್ತಿರಲಿಲ್ಲ. ಭೂಮಿ ಬೆಳೆದುದರಲ್ಲಿ ಬಡವರಿಗೂ ಒಂದು ಪಾಲಿದೆಯೆಂಬುದು ಅವನ ಸಹಜವಾದ ನಂಬಿಕೆಯಾಗಿತ್ತು. ಹತ್ತು ಮಕ್ಕಳ ಆ ತಾಯಿ ಫೀನಿಕ್ಸ್ ನಗರದಲ್ಲಿ ಸೂಚಿಸಿದ್ದೂ ಅದನ್ನೇ. ಎಲ್ಲೆಲ್ಲಿ ಅನ್ನ ಉಳಿಯುತ್ತದೆಯೋ ಅಲ್ಲೆಲ್ಲ ಎರಡನೆಯ ಸುಗ್ಗಿಯೊಂದು ಕೊಯ್ಯುವವರಿಗಾಗಿ ಕಾದಿರುತ್ತದೆ. ಅದನ್ನು ಕಾಣುವ ಕಣ್ಣು, ಕೇಳುವ ಬಾಯಿ, ಹೊತ್ತೊಯ್ಯುವ ಕೈ, ಇವಿಷ್ಟು ಕೂಡಿದರೆ ತೊಟ್ಟಿಗೆ ಬೀಳಬೇಕಾದ ತುತ್ತು ಹಸಿದ ಮಗುವಿನ ತಟ್ಟೆಯನ್ನು ಸೇರುತ್ತದೆ.