ಒಬ್ಬ ಮತದಾರ, ಒಂದು ಪಟ್ಟಿ, ಒಂದು ಮತ: ಎರಡು ಬಾರಿಯ ಮತದಾನವನ್ನು ತಡೆಯುವ ವ್ಯವಸ್ಥೆ

(ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ಸಿಬ್ಬಂದಿಯ ಅಧ್ಯಯನಕ್ಕಾಗಿ)

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಅನೇಕ ಕುಟುಂಬಗಳು ಕಬ್ಬು ಕಟಾವಿಗೆ, ಕಟ್ಟಡ ಕೆಲಸಕ್ಕೆ ಸೊಲ್ಲಾಪುರ, ಪುಣೆ, ಮುಂಬಯಿ ಹಾಗೂ ಗೋವಾಕ್ಕೆ ತೆರಳುತ್ತವೆ. ದುಡಿಯಲು ಹೋದಲ್ಲಿ ಹೆಸರು ನೋಂದಾಯಿಸಿ, ಊರಿನ ಪಟ್ಟಿಯಲ್ಲಿಯೂ ಹೆಸರು ಉಳಿಯುವುದುಂಟು. ಮದುವೆಯಾದ ಹೆಣ್ಣುಮಕ್ಕಳ ಹೆಸರು ತವರಿನಲ್ಲಿಯೂ ಗಂಡನ ಮನೆಯಲ್ಲಿಯೂ ಇರುವುದುಂಟು. ಇವುಗಳಲ್ಲಿ ಹೆಚ್ಚಿನವು ದುರುದ್ದೇಶದಿಂದ ಆದವುಗಳಲ್ಲ. ಆದರೂ ಕಾನೂನು ಇದಕ್ಕೆ ಅವಕಾಶ ನೀಡುವುದಿಲ್ಲ.

ಒಂದು ಮತದಿಂದ ಏನಾದೀತು ಎಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿಯೇ ಉತ್ತರವಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಶ್ರೀ ಆರ್. ಧ್ರುವನಾರಾಯಣ ಅವರು ಶ್ರೀ ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಕೇವಲ ಒಂದು ಮತದ ಅಂತರದಿಂದ ಜಯಗಳಿಸಿದರು.

1. ಕಾನೂನು ಏನು ಹೇಳುತ್ತದೆ?

ಪ್ರಜಾಪ್ರತಿನಿಧಿ ಕಾಯ್ದೆ, 1950ರ 17 ಮತ್ತು 18ನೇ ಕಲಂಗಳ ಪ್ರಕಾರ ಯಾವುದೇ ವ್ಯಕ್ತಿಯ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಾಗಲೀ, ಒಂದೇ ಕ್ಷೇತ್ರದಲ್ಲಿ ಎರಡು ಬಾರಿಯಾಗಲೀ ಇರತಕ್ಕದ್ದಲ್ಲ. ನೋಂದಣಿಗಾಗಿ ತಿಳಿದೂ ಸುಳ್ಳು ಘೋಷಣೆ ನೀಡಿದರೆ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. 1951ರ ಕಾಯ್ದೆಯ 62ನೇ ಕಲಂ ಪ್ರಕಾರ ಎರಡು ಕಡೆ ಮತ ಚಲಾಯಿಸಿದರೆ ಎರಡೂ ಕಡೆಯ ಮತಗಳು ಅಸಿಂಧುವಾಗುತ್ತವೆ.

2. ಮತಗಟ್ಟೆಯಲ್ಲಿನ ತಡೆಗಳು

ಮೊದಲನೇ ಮತಗಟ್ಟೆ ಅಧಿಕಾರಿಯು ಗುರುತಿನ ಚೀಟಿಯನ್ನು ಪರಿಶೀಲಿಸಿ, ಹೆಸರನ್ನು ಗಟ್ಟಿಯಾಗಿ ಓದಿ, ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಅನುಮಾನವಿದ್ದಲ್ಲಿ ಅಭ್ಯರ್ಥಿಯ ಏಜೆಂಟರು 2 ರೂಪಾಯಿ ಠೇವಣಿ ಇಟ್ಟು ಆಕ್ಷೇಪಿಸಬಹುದು. ಎರಡನೇ ಅಧಿಕಾರಿಯು ಶಾಯಿ ಹಚ್ಚಿ, ನಮೂನೆ 17ಎ ವಹಿಯಲ್ಲಿ ಸಹಿ ಅಥವಾ ಹೆಬ್ಬೆರಳಿನ ಗುರುತು ಪಡೆಯುತ್ತಾರೆ. ಮೂರನೇ ಅಧಿಕಾರಿಯು ಕಂಟ್ರೋಲ್ ಯೂನಿಟ್‌ನ ಗುಂಡಿ ಒತ್ತಿದಾಗ ಮಾತ್ರ ಬ್ಯಾಲೆಟ್ ಯೂನಿಟ್ ಒಂದು ಮತವನ್ನು ಸ್ವೀಕರಿಸುತ್ತದೆ. ಆ ಬಳಿಕ ಮತದಾರನು ಎಷ್ಟು ಬಾರಿ ಗುಂಡಿ ಒತ್ತಿದರೂ ಮತ ದಾಖಲಾಗದು. ದಿನದ ಕೊನೆಯಲ್ಲಿ ಯಂತ್ರದಲ್ಲಿನ ಒಟ್ಟು ಮತಗಳನ್ನು 17ಎ ವಹಿಯೊಡನೆ ತಾಳೆ ನೋಡಿ, ನಮೂನೆ 17ಸಿಯಲ್ಲಿ ಲೆಕ್ಕ ಬರೆಯಲಾಗುತ್ತದೆ.

ಈಗಾಗಲೇ ಬೇರೊಬ್ಬರು ನಿಮ್ಮ ಹೆಸರಿನಲ್ಲಿ ಮತ ಹಾಕಿದ್ದರೆ ಹಿಂತಿರುಗಬೇಕಿಲ್ಲ. ಗುರುತು ಸಾಬೀತುಪಡಿಸಿ ಟೆಂಡರ್ ಮತಪತ್ರವನ್ನು ಪಡೆಯಬಹುದು. ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇರಿಸಲಾಗುತ್ತದೆ. ಸಾಮಾನ್ಯ ಎಣಿಕೆಗೆ ಅದು ಸೇರದಿದ್ದರೂ ಚುನಾವಣಾ ತಕರಾರಿನಲ್ಲಿ ನ್ಯಾಯಾಲಯವು ಪರಿಗಣಿಸಬಹುದು.

3. ಮೈಸೂರಿನ ಶಾಯಿ

1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಸ್ಥಾಪನೆಯಾದ, ಇಂದು ರಾಜ್ಯ ಸರ್ಕಾರದ ಅಧೀನದಲ್ಲಿರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆಯು 1962ರ ಮಹಾಚುನಾವಣೆಯಿಂದ ಈ ಶಾಯಿಯನ್ನು ಪೂರೈಸುತ್ತಿದೆ. ಇದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮದೊಡನೆ ವರ್ತಿಸಿ, ಬೆಳಕಿಗೆ ಕಪ್ಪಾಗಿ ಕಚ್ಚಿಕೊಳ್ಳುತ್ತದೆ, ಸಾಬೂನಿಗೆ ಹೋಗದು. ಉಗುರಿನ ಮೇಲಿನ ಗುರುತು ಉಗುರು ಬೆಳೆಯುವವರೆಗೆ ಹಲವು ವಾರ ಉಳಿಯುತ್ತದೆ. ಎಡಗೈ ತೋರುಬೆರಳಿನಲ್ಲಿ ಗುರುತು ಇದ್ದವರಿಗೂ, ಬೆರಳು ತೋರಿಸಲು ನಿರಾಕರಿಸಿದವರಿಗೂ ಮತದಾನಕ್ಕೆ ಅವಕಾಶವಿಲ್ಲ.

ಇದರ ಮಹತ್ವವನ್ನು 2024ರ ಲೋಕಸಭಾ ಚುನಾವಣೆಯ ದಿನಾಂಕಗಳಿಂದ ಅರಿಯಬಹುದು. ನಮ್ಮ ಜಿಲ್ಲೆ, ಸೊಲ್ಲಾಪುರ ಮತ್ತು ಗೋವಾದಲ್ಲಿ ಮೇ 7ರಂದು, ಪುಣೆಯಲ್ಲಿ ಮೇ 13ರಂದು, ಮುಂಬಯಿಯಲ್ಲಿ ಮೇ 20ರಂದು ಮತದಾನ ನಡೆಯಿತು. ಎರಡೂ ಕಡೆ ಹೆಸರಿದ್ದವನು ಇಲ್ಲಿ ಮತ ಹಾಕಿ ಪುಣೆಗೆ ಹೋಗಲು ಆರು ದಿನ, ಮುಂಬಯಿಗೆ ಹೋಗಲು ಹದಿಮೂರು ದಿನ ಕಾಲಾವಕಾಶವಿತ್ತು. ಅಲ್ಲಿನ ಮತಗಟ್ಟೆಯ ವಹಿಗೆ ಇಲ್ಲಿನ ಮತದಾನ ತಿಳಿಯದು, ಯಂತ್ರಕ್ಕೆ ಮತದಾರನ ಹೆಸರೇ ತಿಳಿಯದು. ಬೆರಳಿನ ಗುರುತೊಂದೇ ಅಲ್ಲಿಯವರೆಗೆ ಅವನೊಡನೆ ಸಾಗುವ ಸಾಕ್ಷಿ.

4. ಪಟ್ಟಿಯ ಶುದ್ಧತೆ ನಮ್ಮ ಹೊಣೆ

ಆದರೆ ಶಾಯಿಯು ಕೊನೆಯ ತಡೆ. ಮೊದಲ ತಡೆ ಮತದಾರರ ಪಟ್ಟಿ. ಗ್ರಾಮ ಪಂಚಾಯಿತಿ ಚುನಾವಣೆಯ ಪಟ್ಟಿಯೂ ವಿಧಾನಸಭಾ ಪಟ್ಟಿಯನ್ನೇ ಆಧರಿಸುವುದರಿಂದ ಅಲ್ಲಿನ ತಪ್ಪು ಇಲ್ಲಿಯೂ ಮುಂದುವರಿಯುತ್ತದೆ. ಆದುದರಿಂದ ಈ ಕೆಳಗಿನ ಅಂಶಗಳನ್ನು ಜನರಿಗೆ ಮನದಟ್ಟು ಮಾಡತಕ್ಕದ್ದು.

ಅ) ಖಾಯಂ ಆಗಿ ಬೇರೆಡೆ ನೆಲೆಸಿದವರು ಮತ್ತು ಮದುವೆಯಾಗಿ ಹೋದವರು ಹೊಸ ಸ್ಥಳದಲ್ಲಿ ನಮೂನೆ 8ರಲ್ಲಿ ಅರ್ಜಿ ಸಲ್ಲಿಸಬೇಕು. ನಮೂನೆ 6 ಹೊಸದಾಗಿ ಸೇರುವವರಿಗೆ ಮಾತ್ರ.

ಆ) ಊರಿನಲ್ಲಿ ಮನೆ ಇದೆಯೆಂಬ ಒಂದೇ ಕಾರಣಕ್ಕೆ ಅಲ್ಲಿನ ಸಾಮಾನ್ಯ ನಿವಾಸಿ ಎನಿಸುವುದಿಲ್ಲ. ಅಂತೆಯೇ ಹಂಗಾಮಿನ ದುಡಿಮೆಗೆ ತಾತ್ಕಾಲಿಕವಾಗಿ ಹೋದವರು ಊರಿನ ನಿವಾಸಿಗಳಾಗಿಯೇ ಉಳಿಯುತ್ತಾರೆ. 1950ರ ಕಾಯ್ದೆಯ 20ನೇ ಕಲಂ ಈ ಎರಡನ್ನೂ ಸ್ಪಷ್ಟಪಡಿಸಿದೆ. ಮನೆಗೆ ಬೀಗ ಕಂಡ ಮಾತ್ರಕ್ಕೆ ಕಬ್ಬು ಕಡಿಯಲು ಹೋದ ಕುಟುಂಬದ ಹೆಸರನ್ನು ತೆಗೆಯುವಂತಿಲ್ಲ.

ಇ) ಮೃತರ ಅಥವಾ ಎರಡು ಕಡೆ ಇರುವ ಹೆಸರಿನ ಬಗ್ಗೆ ನಮೂನೆ 7ರಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಸ್ಥಳಾಂತರ ಅಥವಾ ಅನರ್ಹತೆಯ ಕಾರಣಕ್ಕೆ ಹೆಸರು ತೆಗೆಯುವ ಮುನ್ನ ಸಂಬಂಧಿಸಿದವರ ಅಹವಾಲನ್ನು ಆಲಿಸತಕ್ಕದ್ದು. ಆದೇಶದ ವಿರುದ್ಧ 15 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು.

ಈ) ಗೈರುಹಾಜರಿ, ಸ್ಥಳಾಂತರ, ಮರಣ ಪಟ್ಟಿಯಲ್ಲಿ ಹೆಸರು ಸೇರಿದ್ದರೂ, ಮತದಾರರ ಪಟ್ಟಿಯಲ್ಲಿ ಹೆಸರಿರುವ ನೈಜ ಮತದಾರರು ಹೆಚ್ಚುವರಿ ಪರಿಶೀಲನೆಯ ನಂತರ ಮತ ಚಲಾಯಿಸಬಹುದು.

ಎರಡನೇ ಮತವನ್ನು ತಡೆಯುವುದು ಎಷ್ಟು ಮುಖ್ಯವೋ, ಅರ್ಹರ ಮೊದಲನೇ ಮತವನ್ನು ಕಾಯುವುದೂ ಅಷ್ಟೇ ಮುಖ್ಯ. ಸಂದೇಹವಿದ್ದಲ್ಲಿ ಮತಗಟ್ಟೆ ಮಟ್ಟದ ಅಧಿಕಾರಿಯನ್ನು ಅಥವಾ ಸಹಾಯವಾಣಿ 1950 ಅನ್ನು ಸಂಪರ್ಕಿಸುವುದು.

ಗ್ರಾಮಸಭೆಯಲ್ಲಿ ಚರ್ಚೆಗೆ:
1. ನಮ್ಮ ವಾರ್ಡಿನಲ್ಲಿ ಹಂಗಾಮಿಗೆ ಹೋದವರು ಯಾರು, ಖಾಯಂ ಆಗಿ ನೆಲೆ ಬದಲಿಸಿದವರು ಯಾರು?
2. ಮದುವೆಯಾಗಿ ಬಂದವರ ಹೆಸರು ತವರಿನ ಪಟ್ಟಿಯಿಂದ ವರ್ಗವಾಗಿದೆಯೇ?
3. ಮರಣ ಹೊಂದಿದವರ ಹೆಸರುಗಳು ಪಟ್ಟಿಯಲ್ಲಿ ಉಳಿದಿವೆಯೇ?