ಅಗ್ಗದ ಟಿಕೆಟ್‌ಗೆ ಘಾಟಿಯ ಖರ್ಚೂ ಸೇರಲಿ

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ನಮ್ಮವರು ಟಿಕೆಟ್ ದರದ ಜೊತೆಗೆ ಘಾಟಿ ಇಳಿಯುವ ಟ್ಯಾಕ್ಸಿ ಬಾಡಿಗೆಯನ್ನೂ ಕೂಡಿಸಿಕೊಂಡೇ ಹೊರಡಬೇಕು. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆ ಕಡೆಯವರಿಗೆ ಈ ಖರ್ಚು ಕಡಿಮೆಯಾಗಿದೆ. ಮಾಕುಟ್ಟ, ಇರಿಟ್ಟಿ ದಾಟಿದರೆ ಸುಮಾರು 60 ಕಿ.ಮೀ. ಅಷ್ಟೇ.

ದುಬೈಯಲ್ಲಿರುವ ತಂಗಿಯ ಮನೆಗೆ ಅವ್ವನನ್ನು ಕರೆದೊಯ್ಯಲು ಕಡಿಮೆ ದರದ ಸಂಸ್ಥೆಯೊಂದರ ಟಿಕೆಟ್ ನೋಡುತ್ತಿದ್ದೆ. ಅವ್ವ ದರ ಕೇಳಲಿಲ್ಲ. "ಮಂಗಳೂರಲ್ಲಿ ಬಿತ್ತಲ್ಲ, ಅದೂ ಇಂಥದ್ದೇ ವಿಮಾನ ಅಲ್ವಾ?" ಎಂದರು. ಆ ಭಯ ಸುಮ್ಮನೆ ಬಂದದ್ದಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಹದ ತಪ್ಪಿದ ಇಳಿಕೆಯನ್ನು ಕ್ಯಾಪ್ಟನ್ ಕೈಬಿಡದೆ ಮುಂದುವರಿಸಿದ್ದೇ ಕಾರಣವೆಂದು ತನಿಖೆ ಹೇಳಿತು. ಮತ್ತೆ ಮೇಲೇರುವಂತೆ ಸಹ ಪೈಲಟ್ ಮೂರು ಸಲ ಹೇಳಿದ್ದರು. ಟಿಕೆಟ್ ಅಗ್ಗವಾಗಿದ್ದಕ್ಕೆ ಆದ ದುರಂತವಲ್ಲ ಅದು. ನಮ್ಮ ದೇಶದ ಅಗ್ಗದ ಸಂಸ್ಥೆಗಳಿಗೂ ದುಬಾರಿ ಸಂಸ್ಥೆಗಳಿಗೂ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಸುರಕ್ಷತಾ ನಿಯಮಗಳು ಒಂದೇ. ಒಂದೇ ಬಗೆಯ ವಿಮಾನಗಳು, ನಿಲ್ದಾಣದಿಂದ ಬೇಗ ಹೊರಡುವುದು, ಊಟ ಮತ್ತು ಲಗೇಜಿಗೆ ಬೇರೆ ದುಡ್ಡು: ದರ ಇಳಿಯುವುದು ಹೀಗೆ. ಇದನ್ನು ಅವ್ವನಿಗೆ ಬಿಡಿಸಿ ಹೇಳಿದ ಮೇಲೆಯೇ ಒಪ್ಪಿದರು.

ಆಮೇಲೆ ಶುಲ್ಕಗಳ ಸರದಿ. ಮೊದಲ ಪುಟದಲ್ಲಿ ಕಂಡ ಮೊತ್ತ ಪುಟ ಬದಲಾದಂತೆಲ್ಲ ಏರಿತು. ಸೀಟು ಆರಿಸಿದರೆ ದುಡ್ಡು, ಊಟಕ್ಕೆ ದುಡ್ಡು, ಕೊನೆಯಲ್ಲಿ ಕನ್ವೀನಿಯನ್ಸ್ ಫೀ. ಕೇಳದಿದ್ದ ವಿಮೆಗೂ ಟಿಕ್ ಬಿದ್ದಿತ್ತು, ಅದನ್ನು ತೆಗೆಸಿದೆ. ಸೀಟನ್ನು ವೆಬ್ ಚೆಕ್-ಇನ್‌ಗೆ ಬಿಟ್ಟೆ. ಲಗೇಜಿಗೆ ಮಾತ್ರ ಮುಂಗಡವಾಗಿಯೇ ಕಟ್ಟಿದೆ. ಕಾಫಿ ಪುಡಿ, ಕಾಳುಮೆಣಸು, ಕಾಚಂಪುಳಿ ಬಾಟಲಿ ಇಲ್ಲದೆ ನಮ್ಮವರು ಮಗಳ ಮನೆಗೆ ಹೋಗುವುದುಂಟೇ? ಹೊರಟ ದಿನ ನಿಲ್ದಾಣದ ಕೌಂಟರಿನಲ್ಲಿ ನಮ್ಮ ಮುಂದಿದ್ದ ಕುಟುಂಬ ಸೂಟ್‌ಕೇಸ್ ಬಿಚ್ಚಿ ಪೊಟ್ಟಣಗಳನ್ನು ಒಂದೊಂದಾಗಿ ಹೊರಗಿಡುತ್ತಿತ್ತು. ಅಲ್ಲಿ ಹೆಚ್ಚುವರಿ ಕಿಲೋಗೆ ಕೇಳುವ ದರ ಮುಂಗಡ ದರಕ್ಕಿಂತ ಜಾಸ್ತಿ.

ನನ್ನ ಚಿಂತೆ ಇನ್ನೊಂದು: ಸಂಸ್ಥೆಯೇ ಮುಳುಗಿದರೆ? ಕಣ್ಣೂರಿನಿಂದ ಗಲ್ಫ್‌ಗೆ ಹಾರುತ್ತಿದ್ದ ಗೋ ಫಸ್ಟ್ 2023ರ ಮೇ 3ರಂದು ಹಾರಾಟ ನಿಲ್ಲಿಸಿತು. ಮುಂಚೆಯೇ ಟಿಕೆಟ್ ಮಾಡಿದ್ದವರ ಹಣ ಸಿಕ್ಕಿಹಾಕಿಕೊಂಡಿತು. ಅದಕ್ಕೇ ತೀರಾ ಮುಂಚೆ ಬುಕ್ ಮಾಡಲಿಲ್ಲ. ಪಾವತಿಯನ್ನು ಕ್ರೆಡಿಟ್ ಕಾರ್ಡಿನಲ್ಲೇ ಮಾಡಿದೆ, ಸೇವೆ ಸಿಗದಿದ್ದರೆ ಬ್ಯಾಂಕಿಗೆ ತಕರಾರು ಸಲ್ಲಿಸಲು ದಾರಿ ಇರುತ್ತದೆ.

ಎಲ್ಲ ಕೂಡಿಸಿದ ಮೇಲೂ ನಮಗೆ ಉಳಿತಾಯವೇ ಆಯಿತು. ನೀವೂ ಟ್ಯಾಕ್ಸಿ, ಲಗೇಜು, ಶುಲ್ಕ ಸೇರಿಸಿಯೇ ದರ ಹೋಲಿಸಿ. ಟಿಕೆಟ್ ರದ್ದು ಮಾಡಬೇಕಾಗಿ ಬಂದರೆ, ಮೂಲ ದರ ವಾಪಸಾಗದಿದ್ದರೂ ತೆರಿಗೆ ಮತ್ತು ನಿಲ್ದಾಣದ ಬಳಕೆದಾರರ ಶುಲ್ಕವನ್ನು ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಮಳೆಗಾಲದಲ್ಲಿ ಮಾತ್ರ ಕೆಲವು ನೂರು ರೂಪಾಯಿ ಉಳಿಸಲು ಬೆಳಗಿನ ಜಾವದ ವಿಮಾನ ಹಿಡಿಯಬೇಡಿ. ರಾತ್ರಿ ಮಳೆಯಲ್ಲಿ ಮಾಕುಟ್ಟ ಘಾಟಿ ಇಳಿಯುವುದೇ ಆ ಪ್ರಯಾಣದ ದೊಡ್ಡ ಅಪಾಯ.